ಒಂದು ಅಡಿ ನೀರಿನ ಲೆಕ್ಕ

(ಸಾಗರ ತಾಲ್ಲೂಕಿನ ಕಾಲೇಜೊಂದರ ವಿದ್ಯಾರ್ಥಿಗಳಿಗೆ ಲಿಂಗನಮಕ್ಕಿ ಅಣೆಕಟ್ಟಿನ ಬಗ್ಗೆ ನೀಡಿದ ಉಪನ್ಯಾಸದ ಬರಹ ರೂಪ)

ಮಳೆಗಾಲ ಶುರುವಾದರೆ ಪತ್ರಿಕೆಯಲ್ಲಿ ಒಂದು ಸಣ್ಣ ಚೌಕ ಬರುತ್ತದೆ. ಜಲಾಶಯಗಳ ಮಟ್ಟ. ಗರಿಷ್ಠ ಮಟ್ಟ ಎಷ್ಟು, ಇವತ್ತು ಎಷ್ಟು, ಕಳೆದ ವರ್ಷ ಇದೇ ದಿನ ಎಷ್ಟಿತ್ತು, ಒಳಹರಿವು, ಹೊರಹರಿವು. ನಮ್ಮ ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಮೊದಲು ನೋಡುತ್ತಿದ್ದದ್ದೇ ಅದನ್ನು. ಹೆಡ್‌ಲೈನು ಆಮೇಲೆ. ಅವರಿಗೆ ಕರೆಂಟಿನ ಬಗ್ಗೆ ಅಂಥ ಆಸಕ್ತಿ ಏನೂ ಇರಲಿಲ್ಲ. ಯಾಕೆ ನೋಡುತ್ತಿದ್ದರು ಅಂತ ಆಮೇಲೆ ಹೇಳುತ್ತೇನೆ.

ಆ ಚೌಕದಲ್ಲಿ ನನಗೆ ಚಿಕ್ಕಂದಿನಲ್ಲಿ ಒಂದು ಗೊಂದಲ ಇತ್ತು. ಕೆ.ಆರ್.ಎಸ್. ಗರಿಷ್ಠ ಮಟ್ಟ 124.80 ಅಡಿ. ಭದ್ರಾ 186 ಅಡಿ. ನಮ್ಮ ಲಿಂಗನಮಕ್ಕಿ 1819 ಅಡಿ! ಹಾಗಾದರೆ ನಮ್ಮದು ಕೆ.ಆರ್.ಎಸ್.ಗಿಂತ ಹದಿನೈದು ಪಟ್ಟು ಎತ್ತರದ ಡ್ಯಾಮಾ? ಮೈಸೂರಿನಿಂದ ಬಂದ ನೆಂಟರ ಹುಡುಗನ ಮುಂದೆ ನಾನು ಇದನ್ನೇ ಹೇಳಿ ಜಂಬ ಕೊಚ್ಚಿದ್ದೆ. ಅವನು ಪಾಪ ಒಪ್ಪಿಕೊಂಡಿದ್ದ.

ವಿಷಯ ಅಷ್ಟೇ. ಕೆ.ಆರ್.ಎಸ್. ಮತ್ತು ಭದ್ರಾದಲ್ಲಿ ನೀರಿನ ಎತ್ತರವನ್ನು ಡ್ಯಾಮಿನ ಬುಡದ ಹತ್ತಿರದಿಂದ ಅಳೆಯುತ್ತಾರೆ. ಲಿಂಗನಮಕ್ಕಿಯಲ್ಲಿ ಅಳೆಯುವುದು ಸಮುದ್ರಮಟ್ಟದಿಂದ. ತುಂಗಭದ್ರೆಯ 1633 ಅಡಿಯೂ ಹಾಗೇ. ನಮ್ಮ ಕಟ್ಟೆಯ ಸ್ವಂತ ಎತ್ತರ ಹತ್ತಿರ ಹತ್ತಿರ ಇನ್ನೂರು ಅಡಿ. ಮಿಕ್ಕ ಸಾವಿರದ ಆರುನೂರು ಚಿಲ್ಲರೆ ಅಡಿಯನ್ನು ಯಾವ ಇಂಜಿನಿಯರೂ ಕಟ್ಟಿದ್ದಲ್ಲ. ಅದು ಘಟ್ಟದ್ದು.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇಲ್ಲಿಂದಲೇ ಶುರುವಾಗುತ್ತದೆ. ವಿದ್ಯುತ್ತಿಗೆ ಬೇಕಾದ ಎತ್ತರ ಘಟ್ಟ ಕೊಟ್ಟಿದ್ದು. ಹಾಗಾದರೆ ಅಣೆಕಟ್ಟು ಕೊಟ್ಟಿದ್ದು ಏನು? ಅದಕ್ಕೆ ಯಾರು ಏನು ಕೊಟ್ಟರು?

ಮೊದಲು ಎತ್ತರದ ವಿಷಯ ಮುಗಿಸೋಣ. ಲಿಂಗನಮಕ್ಕಿ ಕಟ್ಟೆ ಇರುವ ಶರಾವತಿ ಹೊಳೆ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಸಮುದ್ರ ಸೇರುವುದು ಹೊನ್ನಾವರದಲ್ಲಿ. ಒಟ್ಟು ಉದ್ದ 128 ಕಿಲೋಮೀಟರ್ ಅಷ್ಟೇ. ಕೃಷ್ಣೆ, ಕಾವೇರಿಯ ಮುಂದೆ ಇದು ಹಳ್ಳ ಅನ್ನಬೇಕು. ಆದರೆ ಜೋಗದಲ್ಲಿ ಒಂದೇ ಏಟಿಗೆ 253 ಮೀಟರ್ ಧುಮುಕುತ್ತದೆ. ಅಲ್ಲಿಂದ ಮುಂದೆಯೂ ಕಣಿವೆಯೊಳಗೆ ಇಳಿಯುತ್ತಲೇ ಹೋಗುತ್ತದೆ. ಶರಾವತಿ ವಿದ್ಯುದಾಗಾರಕ್ಕೆ ಬರುವ ನೀರು ಪೈಪಿನೊಳಗೆ 1,400 ಅಡಿಗೂ ಜಾಸ್ತಿ ಕೆಳಗೆ ಬೀಳುತ್ತದೆ.

1,400 ಅಡಿ ಅಂದರೆ ಏನು ಅಂತ ಮನೆಯ ಲೆಕ್ಕದಲ್ಲಿ ಹೇಳುತ್ತೇನೆ. ನಿಮ್ಮ ಮನೆ ತಾರಸಿ ಮೇಲೆ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕ್ ಇದೆ ಅಲ್ವಾ? ಅದು ನೆಲದಿಂದ ಮೂವತ್ತು ಅಡಿ ಮೇಲಿದೆ ಅಂತ ಇಟ್ಟುಕೊಳ್ಳಿ. ಕೆಳಗೊಂದು ಪುಟ್ಟ ಟರ್ಬೈನ್ ಇಟ್ಟು ಟ್ಯಾಂಕು ಪೂರ್ತಿ ಖಾಲಿ ಮಾಡಿದರೆ ಎಷ್ಟು ಕರೆಂಟ್ ಬರುತ್ತದೆ? ಒಂಬತ್ತು ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಎರಡು ಗಂಟೆ ಚಿಲ್ಲರೆ ಉರಿಯುತ್ತದೆ. ಮುಗೀತು. ಅದೇ ಟ್ಯಾಂಕಿನ ನೀರು ಶರಾವತಿಯ ಪೈಪಿನಲ್ಲಿ ಬಿದ್ದರೆ ಸರಿಸುಮಾರು ಒಂದು ಯೂನಿಟ್ ಬರುತ್ತದೆ. ನೀರು ಅಷ್ಟೇ. ಬೀಳುವ ಎತ್ತರ ಮಾತ್ರ ಬೇರೆ.

ಸಾವಿರ ಲೀಟರಿಗೆ ಒಂದು ಯೂನಿಟ್. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ. ಬೆಳಿಗ್ಗೆ ಗೀಸರ್ ಹಾಕಿ ಎರಡು ಬಕೆಟ್ ಸ್ನಾನದ ನೀರು ಕಾಯಿಸಲು ಹೆಚ್ಚುಕಮ್ಮಿ ಒಂದು ಯೂನಿಟ್ ಬೇಕು. ಅಂದರೆ ಎರಡು ಬಕೆಟ್ ಬಿಸಿನೀರಿಗಾಗಿ ಒಂದು ಟ್ಯಾಂಕು ತಣ್ಣೀರು ಘಟ್ಟದಿಂದ ಕೆಳಗೆ ಬೀಳಬೇಕು. ಇದು ಗೊತ್ತಾದ ಮೇಲೆ ನಮ್ಮ ಮನೆಯಲ್ಲಿ ಹಂಡೆ ಒಲೆಗೆ ಮರ್ಯಾದೆ ಜಾಸ್ತಿಯಾಯಿತು. ಅದಿರಲಿ.

ಎತ್ತರದ ಮಹಿಮೆ ನೋಡಬೇಕಾದರೆ ಇದೇ ಹೊಳೆಯ ಮೂರು ವಿದ್ಯುದಾಗಾರಗಳನ್ನು ಸಾಲಾಗಿ ನೋಡಿ. ಲಿಂಗನಮಕ್ಕಿ ಕಟ್ಟೆಯ ಬುಡದಲ್ಲೇ ಒಂದಿದೆ. 55 ಮೆಗಾವ್ಯಾಟ್. ಅಲ್ಲಿಂದ ಹೊರಬಿದ್ದ ನೀರು ಕಾಲುವೆಯಲ್ಲಿ ತಲಕಳಲೆಗೆ ಹೋಗುತ್ತದೆ. ತಲಕಳಲೆ ಒಂದು ಚಿಕ್ಕ ಸಮತೋಲನ ಜಲಾಶಯ. ಅಲ್ಲಿಂದ ಪೈಪಿನಲ್ಲಿ ಇಳಿದು ಶರಾವತಿ ವಿದ್ಯುದಾಗಾರಕ್ಕೆ. ಅಲ್ಲಿ ಹತ್ತು ಯಂತ್ರಗಳು, ಒಂದೊಂದು 103.5 ಮೆಗಾವ್ಯಾಟ್, ಒಟ್ಟು 1,035. ಅಲ್ಲಿಂದ ಹೊರಟ ನೀರನ್ನು ಗೇರುಸೊಪ್ಪೆಯಲ್ಲಿ ಮತ್ತೆ ತಡೆದು 240 ಮೆಗಾವ್ಯಾಟ್. ಒಂದೇ ನೀರು ಮೂರು ಕಡೆ ಕೂಲಿ ಮಾಡುತ್ತದೆ. ಮೊದಲನೆಯ ಕಡೆ 55, ಎರಡನೆಯ ಕಡೆ 1,035. ಯಾಕೆ ಇಷ್ಟು ವ್ಯತ್ಯಾಸ? ಕಟ್ಟೆಯ ಬುಡಕ್ಕೆ ಬೀಳುವ ನೀರಿಗೆ ಇರುವುದು ಮನುಷ್ಯ ಕಟ್ಟಿದ ಎತ್ತರ. ಘಟ್ಟದ ಬುಡಕ್ಕೆ ಬೀಳುವ ನೀರಿಗೆ ಘಟ್ಟದ ಎತ್ತರ.

ಆ ಪೈಪಿನ ತುದಿಯಲ್ಲಿ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಷ್ಟು ಎತ್ತರದಿಂದ ಬಂದ ನೀರು ಮೂತಿಯಂಥ ಒಂದು ಸಣ್ಣ ಬಾಯಿಯಿಂದ ಚಿಮ್ಮುತ್ತದೆ. ವೇಗ ಗಂಟೆಗೆ 300 ಕಿಲೋಮೀಟರಿಗೂ ಮೇಲೆ. ಕಣ್ಣಿಗೆ ಅದು ನೀರಿನ ಥರ ಕಾಣುವುದಿಲ್ಲ, ಗಾಜಿನ ಸರಳಿನ ಥರ ಇರುತ್ತದೆ. ಎದುರಿಗೆ ಒಂದು ಚಕ್ರ. ಚಕ್ರದ ಅಂಚಿನ ಸುತ್ತ ಜೋಡಿ ಜೋಡಿ ಬೋಗುಣಿಗಳು. ಎರಡು ಬೋಗುಣಿಗಳ ನಡುವೆ ಚೂಪಾದ ಏಣು. ನೀರು ಆ ಏಣಿಗೆ ಬಡಿದು ಎರಡು ಭಾಗವಾಗಿ, ಬೋಗುಣಿಯ ಒಳಗೆ ಸುತ್ತಿ, ಬಂದ ದಿಕ್ಕಿಗೇ ವಾಪಸ್ ತಿರುಗುತ್ತದೆ. ತಿರುಗುವಾಗ ತನ್ನ ಬಲವನ್ನೆಲ್ಲ ಚಕ್ರಕ್ಕೆ ಕೊಟ್ಟುಬಿಡುತ್ತದೆ. ಇದು ಪೆಲ್ಟನ್ ಚಕ್ರ. ಇದರ ಚೆಂದ ಏನು ಗೊತ್ತಾ? ಚಕ್ರ ನೀರಿನ ಅರ್ಧ ವೇಗದಲ್ಲಿ ತಿರುಗಿದರೆ ಬೋಗುಣಿಯಿಂದ ಹೊರಬೀಳುವ ನೀರಿಗೆ ಹೆಚ್ಚುಕಮ್ಮಿ ವೇಗವೇ ಉಳಿದಿರುವುದಿಲ್ಲ. ತೊಟಕ್ ಅಂತ ಕೆಳಗೆ ಬೀಳುತ್ತದೆ. ಸುಸ್ತಾದ ನೀರು. ಹಾಗೆ ಬಿದ್ದರೆ ಯಂತ್ರ ಚೆನ್ನಾಗಿದೆ ಅಂತ ಅರ್ಥ.

ಎತ್ತರ ಘಟ್ಟದ್ದು ಅಂತಾದರೆ ಕಟ್ಟೆ ಯಾಕೆ ಬೇಕಿತ್ತು? ಹರಿಯುವ ಹೊಳೆಯನ್ನು ನೇರ ಪೈಪಿಗೆ ತಿರುಗಿಸಿದರೆ ಸಾಲದಾ?

ಸಾಲುವುದಿಲ್ಲ ಅಂತ ನಮ್ಮ ರಾಜ್ಯಕ್ಕೆ ಬಹಳ ಹಿಂದೆಯೇ ಗೊತ್ತಾಗಿತ್ತು. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟ್ ತಯಾರಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಸುಮಾರು 147 ಕಿಲೋಮೀಟರ್ ತಂತಿ. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಲೈನುಗಳಲ್ಲಿ ಒಂದು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ನೋಡಿ, ಮೊದಲು ಗಣಿಗೆ, ಆಮೇಲೆ ಊರಿಗೆ. ಆದರೆ ಅಲ್ಲಿ ನೀರು ಕೂಡಿಡುವ ವ್ಯವಸ್ಥೆ ಇರಲಿಲ್ಲ. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಯ ಯಂತ್ರಗಳಿಗೂ ಬಿಸಿ ತಟ್ಟುತ್ತಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾದದ್ದಕ್ಕೆ ಇದೂ ಒಂದು ಕಾರಣ. ಮಂಡ್ಯದ ಗದ್ದೆಗಾಗಿ ಮಾತ್ರ ಕಟ್ಟಿದ್ದು ಅಂತ ನಾವು ಅಂದುಕೊಳ್ಳುತ್ತೇವೆ. ಶಿವನಸಮುದ್ರಕ್ಕೆ ವರ್ಷವಿಡೀ ನೀರು ಬೇಕಿತ್ತು ಅನ್ನುವುದನ್ನು ಮರೆಯುತ್ತೇವೆ.

ಮಲೆನಾಡಿನಲ್ಲಿ ಈ ಕಷ್ಟ ಇನ್ನೂ ಜಾಸ್ತಿ. ವರ್ಷದ ಮಳೆಯ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು ಹೋಗುತ್ತದೆ. ಜುಲೈನಲ್ಲಿ ಜೋಗದ ಎದುರು ನಿಂತರೆ ಮಾತು ಕೇಳಿಸುವುದಿಲ್ಲ. ಏಪ್ರಿಲ್‌ನಲ್ಲಿ ಬಂಡೆ ಎಣಿಸಬಹುದು. ಆದರೆ ಕರೆಂಟು ಏಪ್ರಿಲ್‌ನಲ್ಲೂ ಬೇಕು. ಆದ್ದರಿಂದ ಜುಲೈನ ನೀರನ್ನು ಏಪ್ರಿಲ್‌ಗೆ ಎತ್ತಿಡಬೇಕು. ಅಣೆಕಟ್ಟು ಮಾಡುವ ಮುಖ್ಯ ಕೆಲಸ ಇದೇ. ಅದು ಕೊಡುವುದು ಹೊತ್ತು. ಬೇಕಾದ ಹೊತ್ತಿಗೆ ನೀರು.

ಮೊದಲ ಸಲ ಎತ್ತಿಟ್ಟದ್ದು ಮಡೇನೂರಿನಲ್ಲಿ. ಹಿರೇಭಾಸ್ಕರ ಅಣೆಕಟ್ಟು. ಅದರ ನೀರನ್ನು ನಂಬಿ ಜೋಗದ ವಿದ್ಯುದಾಗಾರ 1948ರಲ್ಲಿ ಶುರುವಾಯಿತು. ಆ ಯೋಜನೆಗೆ ಮೊದಲಿದ್ದದ್ದು ಕೃಷ್ಣರಾಜೇಂದ್ರರ ಹೆಸರು, ಆಮೇಲೆ ಮಹಾತ್ಮ ಗಾಂಧಿಯವರ ಹೆಸರಾಯಿತು. ಹಿರೇಭಾಸ್ಕರದ ವಿಶೇಷ ಅದರ ಸೈಫನ್‌ಗಳು. ಮೈಸೂರಿನ ಇಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ್ದು. ಗೇಟಿಲ್ಲ, ಗೇಟು ಎತ್ತುವವರೂ ಬೇಡ. ನೀರು ಒಂದು ಮಟ್ಟ ಮೀರಿದರೆ ದುಂಡನೆಯ ಆಲಿಕೆಯೊಳಗೆ ಸುಳಿ ಸುತ್ತಿ ಇಳಿಯುತ್ತದೆ. ಇಳಿಯುತ್ತಾ ಒಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಹೋದಮೇಲೆ ಪೈಪು ತುಂಬಿ ತಾನಾಗೇ ಎಳೆಯಲು ಶುರು. ಮಟ್ಟ ಇಳಿದರೆ ಗಾಳಿ ಒಳಗೆ ಬಂದು ತಾನಾಗೇ ನಿಲ್ಲುತ್ತದೆ. ಮಧ್ಯರಾತ್ರಿ ಪ್ರವಾಹ ಬಂದರೂ ಯಾರೂ ಎದ್ದು ಓಡಬೇಕಾಗಿಲ್ಲ. ಎಷ್ಟು ಚೆಂದದ ಉಪಾಯ ಅಲ್ವಾ?

ಆ ಚೆಂದದ ಕಟ್ಟೆ ಇವತ್ತು ನೀರಿನ ಅಡಿಗಿದೆ. ಹೊತ್ತು ಸಾಲಲಿಲ್ಲ. ಇನ್ನೂ ದೊಡ್ಡ ಕಟ್ಟೆ ಬೇಕು ಅನ್ನಿಸಿತು. 1964ರಲ್ಲಿ ಕೆಳಗಡೆ, ಜೋಗಕ್ಕೆ ಆರು ಕಿಲೋಮೀಟರ್ ಮೇಲೆ, ಲಿಂಗನಮಕ್ಕಿ ಎದ್ದಿತು. ಎರಡೂವರೆ ಕಿಲೋಮೀಟರಿನ ಆಸುಪಾಸು ಉದ್ದ, ಹನ್ನೊಂದು ಗೇಟು, ಸುಮಾರು 151 ಟಿಎಂಸಿ ನೀರು (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಅದು ತುಂಬಿದಾಗ ಹಳೆ ಡ್ಯಾಮು ಹೊಸ ಡ್ಯಾಮಿನ ಹೊಟ್ಟೆಯೊಳಗೆ ಹೋಯಿತು. ಇದೂ ಸಾಲದೆ ಆಮೇಲೆ ಚಕ್ರಾ, ಸಾವೇಹಕ್ಲುಗಳಲ್ಲಿ ಕಟ್ಟೆ ಹಾಕಿ ಆ ನೀರನ್ನೂ ಇಲ್ಲಿಗೇ ತಿರುಗಿಸಿದರು.

ಈಗ ಆ ಒಂದು ಅಡಿಯ ವಿಷಯಕ್ಕೆ ಬರುತ್ತೇನೆ. ಘಟ್ಟದ ಮೇಲಿನ ನಮ್ಮ ಸೀಮೆ ತೀರಾ ಕಡಿದಾದ ಕಣಿವೆ ಅಲ್ಲ. ಅಗಲವಾದ ತಟ್ಟೆಯ ಥರ. ತಟ್ಟೆಗೆ ಸಾರು ಹಾಕಿ ನೋಡಿ. ಮೊದಲ ಸೌಟು ನಡುವೆ ನಿಲ್ಲುತ್ತದೆ. ಕೊನೆಯ ಸೌಟು ಅಂಚಿನವರೆಗೂ ಹರಡುತ್ತದೆ. ಲಿಂಗನಮಕ್ಕಿ ತುಂಬಿದಾಗ ನೀರು ಸುಮಾರು 300 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ತುಂಬಿದ ಮಟ್ಟದಲ್ಲಿ ಮೇಲಿನ ಒಂದೇ ಒಂದು ಅಡಿ ನೀರು ಅಂದರೆ ಮೂರು ಟಿಎಂಸಿಗೂ ಜಾಸ್ತಿ. ನಮ್ಮ ಟ್ಯಾಂಕಿನ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಒಂಬತ್ತು ಕೋಟಿ ಯೂನಿಟ್. ತಿಂಗಳಿಗೆ ನೂರು ಯೂನಿಟ್ ಬಳಸುವ ಮನೆಗಳಾದರೆ ಮುಕ್ಕಾಲು ಲಕ್ಷ ಮನೆಗೆ ಒಂದು ವರ್ಷದ ಕರೆಂಟು. ಒಂದು ಅಡಿ ನೀರಿನಲ್ಲಿ!

ಹಾಗಾಗಿ ಇಂಜಿನಿಯರ್ ಆದವನಿಗೆ ಇನ್ನೊಂದು ಅಡಿ ಏರಿಸುವ ಆಸೆ ಸಹಜ. ನಾನು ಅವರನ್ನು ಬೈಯುವುದಿಲ್ಲ. ಆದರೆ ಅದೇ ಕೊನೆಯ ಅಡಿ ಜಾಸ್ತಿ ನೆಲವನ್ನೂ ತಿನ್ನುತ್ತದೆ. ಮುಳುಗಿದ್ದರಲ್ಲಿ ಕಾಡಿತ್ತು, ಗದ್ದೆ ಇತ್ತು, ಅಡಿಕೆ ತೋಟ ಇತ್ತು, ಮನೆಗಳಿದ್ದವು. ಹಿರೇಭಾಸ್ಕರಕ್ಕೆ ಒಮ್ಮೆ, ಲಿಂಗನಮಕ್ಕಿಗೆ ಇನ್ನೊಮ್ಮೆ, ಹೀಗೆ ಎರಡು ಸಲ ಗಂಟುಮೂಟೆ ಕಟ್ಟಿದ ಮನೆಗಳೂ ಇವೆ.

ನಮ್ಮ ದೊಡ್ಡಪ್ಪ ಪತ್ರಿಕೆಯ ಚೌಕ ನೋಡುತ್ತಿದ್ದದ್ದು ಇದಕ್ಕೇ. ಅವರು ಹುಟ್ಟಿದ ಮನೆ ಹಿನ್ನೀರಿನ ಅಡಿಯಲ್ಲಿದೆ. ಮಟ್ಟ ಇಷ್ಟಕ್ಕೆ ಇಳಿದರೆ ಬಾವಿಕಟ್ಟೆ ಕಾಣುತ್ತದೆ, ಇನ್ನೂ ನಾಲ್ಕಡಿ ಇಳಿದರೆ ಅಂಗಳ ಕಾಣುತ್ತದೆ ಅಂತ ಅವರ ತಲೆಯಲ್ಲಿ ಲೆಕ್ಕ ಇತ್ತು. ಮಳೆ ಕೈಕೊಟ್ಟ ವರ್ಷ ರಾಜ್ಯಕ್ಕೆಲ್ಲ ಲೋಡ್‌ಶೆಡ್ಡಿಂಗ್ ಚಿಂತೆ. ನಮ್ಮ ದೊಡ್ಡಪ್ಪನಿಗೆ ಊರಿಗೆ ಹೋಗುವ ಸಂಭ್ರಮ.

ಅಂಥ ಒಂದು ಮೇ ತಿಂಗಳಲ್ಲಿ ನನ್ನನ್ನೂ ಕರೆದುಕೊಂಡು ಹೋದರು. ಹಿರೇಭಾಸ್ಕರದ ಕಟ್ಟೆ ಪೂರ್ತಿ ಮೇಲೆದ್ದಿತ್ತು. ಸೈಫನ್‌ಗಳ ಮೇಲೆ ಹತ್ತಿ ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ದೊಡ್ಡಪ್ಪ ಆ ಕಡೆ ತಿರುಗಿಯೂ ನೋಡಲಿಲ್ಲ. ಬಿರುಕು ಬಿಟ್ಟ ಕೆಸರಿನ ಮೇಲೆ ಕರಿ ಮೋಟುಗಳ ನಡುವೆ ನೇರ ನಡೆದರು. ದಶಕಗಟ್ಟಲೆ ನೀರಿನಲ್ಲಿದ್ದೂ ಆ ಮೋಟುಗಳು ಕೊಳೆತಿರಲಿಲ್ಲ. ಬಾವಿಕಟ್ಟೆ ಸಿಕ್ಕಿತು. ಅಲ್ಲಿಂದ ಹೆಜ್ಜೆ ಎಣಿಸಿದರು. ಹದಿನಾಲ್ಕು ಹೆಜ್ಜೆಗೆ ನಿಂತು ಎಡಕ್ಕೆ ತಿರುಗಿದರು. ಗೋಡೆ ಇಲ್ಲ, ಬಾಗಿಲಿಲ್ಲ, ಆದರೂ ಹೊಸಿಲು ದಾಟುವ ಹಾಗೆ ಕಾಲು ಎತ್ತಿಟ್ಟರು. ಒಳಗೆ ಒಂದು ಒರಳುಕಲ್ಲು. ಗುಳಿಯ ತುಂಬ ಒಣಗಿದ ಕೆಸರು. ಬೆರಳಲ್ಲಿ ಕೆದಕಿ ತೆಗೆದರು, ಸಣ್ಣ ಚಿಪ್ಪೊಂದು ಸಿಕ್ಕಿತು. "ಇಲ್ಲೇ ನೋಡ ಮಾರಾಯ, ನಿನ್ನಜ್ಜಿ ಹಿಟ್ಟು ರುಬ್ತಿದ್ದಿದ್ದು" ಅಂದರು. ಆ ಮನೆ ಬಿಡುವಾಗ ಒರಳು ಭಾರ ಅಂತ ಬಿಟ್ಟು ಬಂದಿದ್ದರಂತೆ. ಹೊಸ ಊರಿನಲ್ಲಿ ಒಂದು ಮಾಡಿಸಿಕೊಂಡರಾಯಿತು ಅಂತ.

ಆ ಹೊಸ ಊರಿನ ಕತೆ ಇನ್ನೂ ಮುಗಿದಿಲ್ಲ. ಮುಳುಗಡೆಯಾದವರಲ್ಲಿ ತುಂಬಾ ಜನರಿಗೆ ಕೊಟ್ಟಿದ್ದು ಕಾಡಿನ ಜಾಗ. ಲಾರಿಯಲ್ಲಿ ಕರೆತಂದು ಇಳಿಸಿದರು, ಕಡಿದುಕೊಂಡು ಸಾಗುವಳಿ ಮಾಡಿ ಅಂದರು. ದಾಖಲೆಯಲ್ಲಿ ಅದು ಅರಣ್ಯವಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದಮೇಲೆ ಕೇಂದ್ರದ ಒಪ್ಪಿಗೆ ಇಲ್ಲದೆ ಅದನ್ನು ಬಿಡಿಸುವ ಹಾಗಿಲ್ಲ. ರಾಜ್ಯ ಹೊರಡಿಸಿದ ಆದೇಶಗಳು ಕೋರ್ಟಿನಲ್ಲಿ ನಿಲ್ಲಲಿಲ್ಲ. ಅಜ್ಜ ಮುಳುಗಡೆಯವನು, ಮೊಮ್ಮಗ ಒತ್ತುವರಿದಾರ. ನಿಮ್ಮಲ್ಲೇ ಕೆಲವರ ಮನೆಯ ಕತೆ ಇದು ಅಂತ ನನಗೆ ಗೊತ್ತು.

ಎಲ್ಲರೂ ಎದ್ದು ಹೋಗಲೂ ಇಲ್ಲ. ತುಮರಿ, ಕರೂರು ಸೀಮೆಯವರು ಹಿನ್ನೀರಿನ ಆಚೆ ಉಳಿದರು. ಸಾಗರಕ್ಕೆ ಬರಬೇಕಾದರೆ ಹೊಳೆಬಾಗಿಲಿನಲ್ಲಿ ಲಾಂಚ್ ಕಾಯಬೇಕಿತ್ತು. ಜನ, ಬೈಕು, ಕಾರು, ಬಸ್ಸು ಎಲ್ಲ ಅದರ ಮೇಲೇ. ಸಂಜೆಯ ಕೊನೆಯ ಲಾಂಚ್ ಹೋಯಿತು ಅಂದರೆ ಹೆರಿಗೆ ನೋವಿಗೂ ಬೆಳಗಾಗಬೇಕಿತ್ತು, ಇಲ್ಲಾ ಸುತ್ತುಬಳಸಿನ ದಾರಿ. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸಲು ಆಗುತ್ತಿರಲಿಲ್ಲ. ಕರೆಂಟಿನ ಕತೆಯೂ ಹಾಗೇ. ಹಿನ್ನೀರಿನ ಎಷ್ಟೋ ಹಳ್ಳಿಗಳು ಬುಡ್ಡಿದೀಪದಲ್ಲೇ ವರ್ಷಗಟ್ಟಲೆ ಕಳೆದವು. ಸಿಗಂದೂರು ಸೇತುವೆ ಬಂದದ್ದು 2025ರ ಜುಲೈನಲ್ಲಿ. ಕಟ್ಟೆ ಎದ್ದು ಅರವತ್ತು ವರ್ಷ ದಾಟಿದ ಮೇಲೆ. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ, ನೋಡಲು ಚೆನ್ನಾಗಿದೆ. ಈಗ ಅದರ ಮೇಲೆ ಸೆಲ್ಫಿಯವರ ಕಾಟ.

ಜೋಗ ನೋಡಲು ಬಂದು ನೀರಿಲ್ಲ ಅಂತ ಗೊಣಗುವವರ ಬಗ್ಗೆ ಒಂದೇ ಮಾತು. ಆ ನೀರು ಆ ಹೊತ್ತಿಗೆ ತಲಕಳಲೆಯ ಪೈಪಿನಲ್ಲಿರುತ್ತದೆ. ಎರಡೂ ಕಡೆ ಒಟ್ಟಿಗೆ ಬೀಳಲು ಆಗುವುದಿಲ್ಲ.

ಇವತ್ತಿನ ಪರಿಸ್ಥಿತಿಗೆ ಬರೋಣ. ಪಾವಗಡದಲ್ಲಿ ಎರಡು ಸಾವಿರ ಮೆಗಾವ್ಯಾಟಿನ ಸೋಲಾರ್ ಇದೆ. ಹಗಲು ಕರೆಂಟಿಗೆ ಅಷ್ಟು ಕಷ್ಟ ಇಲ್ಲ. ಕಷ್ಟ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ಕಲ್ಲಿದ್ದಲಿನ ಸ್ಥಾವರ ತಣ್ಣಗಿದ್ದರೆ ಬಿಸಿಯಾಗಲು ಗಂಟೆಗಟ್ಟಲೆ ಬೇಕು. ನೀರಿನ ಯಂತ್ರ ಕೆಲವೇ ನಿಮಿಷಕ್ಕೆ ತಯಾರು. ಹಾಗಾಗಿ ಈಗ ಶರಾವತಿಯ ಬೆಲೆ ಯೂನಿಟ್‌ನಲ್ಲಿಲ್ಲ, ಸಂಜೆ ಏಳು ಗಂಟೆಯಲ್ಲಿದೆ. ಮತ್ತೆ ಅದೇ, ಹೊತ್ತು.

ಈ ಆಸೆಯಿಂದಲೇ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿರುವುದು. 2,000 ಮೆಗಾವ್ಯಾಟ್. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪೆ. ಕರೆಂಟು ಹೆಚ್ಚಾದಾಗ ಕೆಳಗಿನ ನೀರನ್ನು ಮೇಲಕ್ಕೆ ಎತ್ತುವುದು, ಬೇಕಾದಾಗ ಬೀಳಿಸುವುದು. ಇಲ್ಲಿ ಕರೆಂಟು ಹುಟ್ಟುವುದಿಲ್ಲ, ಇಂಥ ಯೋಜನೆಯಲ್ಲಿ ನಾಲ್ಕು ಯೂನಿಟ್ ಕೊಟ್ಟು ಮೂರು ಯೂನಿಟ್ ವಾಪಸ್ ಪಡೆಯುವ ಹಾಗೆ. ಹೊಸದಾಗಿ ಕಟ್ಟೆ ಬೇಡ ಅನ್ನುವುದು ನಿಜ. ಆದರೆ ಸುರಂಗ, ರಸ್ತೆ, ನೆಲದಡಿಯ ವಿದ್ಯುದಾಗಾರ ಎಲ್ಲ ಬರುವುದು ಸಿಂಗಳೀಕಗಳ ಅಭಯಾರಣ್ಯದೊಳಗೆ. ಸಿಂಗಳೀಕ ನೆಲಕ್ಕೆ ಇಳಿಯುವುದು ಕಡಿಮೆ, ಕೊಂಬೆಯಿಂದ ಕೊಂಬೆಗೇ ಹೋಗುವ ಪ್ರಾಣಿ. ನಡುವೆ ಒಂದು ಅಗಲ ರಸ್ತೆ ಬಂದರೆ ಅದಕ್ಕೆ ಅದೊಂದು ಹಿನ್ನೀರು. ದಾಟಿಸಲು ಲಾಂಚ್ ಇರುವುದಿಲ್ಲ. ನನಗಂತೂ ಈ ಯೋಜನೆ ಸಮಾಧಾನ ಕೊಟ್ಟಿಲ್ಲ. ಬ್ಯಾಟರಿಗಳು ಅಗ್ಗವಾಗುತ್ತಿರುವ ಈ ಕಾಲದಲ್ಲಿ ಸ್ವಲ್ಪ ಕಾಯಬಹುದಿತ್ತು ಅನ್ನಿಸುತ್ತದೆ. ನಿಮಗೆ ಬೇರೆ ಅನ್ನಿಸಬಹುದು.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. 2019ರಲ್ಲಿ ಶರಾವತಿ ನೀರನ್ನು ಬೆಂಗಳೂರಿಗೆ ಕುಡಿಯಲು ಒಯ್ಯುವ ಮಾತು ಬಂತು. ಶಿವಮೊಗ್ಗ ಬಂದ್ ಆಯಿತು. ಘೋಷಣೆ ಕೂಗಿದವರಲ್ಲಿ ನಾನೂ ಇದ್ದೆ. ಆದರೆ ಘೋಷಣೆ ಬಿಟ್ಟು ಟ್ಯಾಂಕಿನ ಲೆಕ್ಕ ಮಾಡೋಣ. ಲಿಂಗನಮಕ್ಕಿ ಇರುವುದು 1,819 ಅಡಿಯಲ್ಲಿ. ಬೆಂಗಳೂರು ಸುಮಾರು 3,000 ಅಡಿಯಲ್ಲಿ. ಒಂದು ಸಿಂಟೆಕ್ಸ್ ಟ್ಯಾಂಕು ನೀರನ್ನು ಅಲ್ಲಿಗೆ ಕಳಿಸಿದಿರಿ ಅಂತ ಇಟ್ಟುಕೊಳ್ಳಿ. ಆ ನೀರು ಘಟ್ಟದಿಂದ ಬೀಳಲಿಲ್ಲ, ಒಂದು ಯೂನಿಟ್ ಹೋಯಿತು. ಅದನ್ನು ಸುಮಾರು 1,200 ಅಡಿ ಮೇಲಕ್ಕೆ ಎತ್ತಬೇಕು, ಪಂಪಿನ ನಷ್ಟವೂ ಸೇರಿ ಇನ್ನೊಂದೂಕಾಲು ಯೂನಿಟ್. ಒಟ್ಟು ಎರಡೂಕಾಲು. ದಾರಿಯಲ್ಲಿ ಹತ್ತಿ ಇಳಿಯುವ ದಿಬ್ಬಗಳನ್ನೂ, ಅಷ್ಟುದ್ದದ ಪೈಪಿನ ತಿಕ್ಕಾಟವನ್ನೂ ನಾನು ಇನ್ನೂ ಸೇರಿಸಿಲ್ಲ.